ಗಣಿತ ಪ್ರಶ್ನೋತ್ತರ: 429 ಕೋಟಿಯ ಆ ಸಂಖ್ಯೆ ಅವಿಭಾಜ್ಯವೇ?

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ 3, 5, 17, 257, 65537 ಎಂಬ ಸಾಲನ್ನು ಕೊಟ್ಟು, ಈ ಐದೂ ಅವಿಭಾಜ್ಯ ಸಂಖ್ಯೆಗಳೆಂದು ಹೇಳಲಾಗಿತ್ತು. 2ನ್ನು ಮತ್ತೆ ಮತ್ತೆ ವರ್ಗ ಮಾಡಿದಾಗ ದೊರೆಯುವ 2, 4, 16, 256, 65536 ಎಂಬ ಸಂಖ್ಯೆಗಳಿಗೆ ಒಂದೊಂದು ಕೂಡಿಸಿದರೆ ಈ ಸಾಲು ಹುಟ್ಟುತ್ತದೆ. 65536ರ ವರ್ಗಕ್ಕೆ, ಅಂದರೆ 2ರ 32ನೆಯ ಘಾತಕ್ಕೆ, ಒಂದು ಕೂಡಿಸಿದರೆ ಮುಂದಿನದಾಗಿ 4294967297 ಬರುತ್ತದೆ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೆವು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದೇ ಸಂಖ್ಯೆಯ ಬೆನ್ನು ಹತ್ತಿರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ 4294967297ನ್ನು 2ರಿಂದ 97ರವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿ ನೋಡಿದ್ದಾನೆ. ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗಲಿಲ್ಲ. ಆದ್ದರಿಂದ ಇದೂ ಅವಿಭಾಜ್ಯವೇ ಎಂಬುದು ಅವನ ವಾದ. ನನಗೆ ಒಪ್ಪಿಗೆಯಿಲ್ಲ, ಆದರೆ ಅವನ ವಾದವನ್ನು ಮುರಿಯುವ ಭಾಜಕವೂ ನನಗೆ ಸಿಕ್ಕಿಲ್ಲ. ಕಂಪ್ಯೂಟರಿನ ನೆರವಿಲ್ಲದೆ ಕಾಗದ, ಪೆನ್ನುಗಳಿಂದಲೇ ಇದನ್ನು ತೀರ್ಮಾನಿಸಲು ಸಾಧ್ಯವೇ? (ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಬಸವನಗುಡಿ)

ಉತ್ತರ: ಸಾಧ್ಯ, ಮತ್ತು ನಿಮ್ಮ ಅನುಮಾನವೇ ಸರಿ. ಈ ಸಂಖ್ಯೆ ಅವಿಭಾಜ್ಯವಲ್ಲ. ಅದು 641 ಮತ್ತು 6700417 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ. ಹಾಗೆಂದು ನಿಮ್ಮ ಮೊಮ್ಮಗನ ಶ್ರಮವನ್ನು ತಳ್ಳಿಹಾಕುವಂತಿಲ್ಲ. 641 ಎಂಬುದು 2ರಿಂದ ಎಣಿಸಿದರೆ 116ನೆಯ ಅವಿಭಾಜ್ಯ ಸಂಖ್ಯೆ. ಅವನು 25 ಭಾಗಾಕಾರಗಳಿಗೆ ನಿಲ್ಲಿಸದೆ ಅದೇ ಹಟದಲ್ಲಿ ಮುಂದುವರಿದಿದ್ದರೆ ಇನ್ನು 91 ಭಾಗಾಕಾರಗಳಲ್ಲಿ ಉತ್ತರ ಅವನಿಗೇ ಸಿಗುತ್ತಿತ್ತು. ತಪ್ಪಿರುವುದು ನಿಲ್ಲಿಸಿದ ಜಾಗದಲ್ಲಿ. ಒಂದು ಸಂಖ್ಯೆ ಅವಿಭಾಜ್ಯವೆಂದು ಭಾಗಾಕಾರದ ಮೂಲಕವೇ ಸಾಧಿಸಬೇಕಾದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಪರೀಕ್ಷಿಸಬೇಕು. ಇಲ್ಲಿ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಅಷ್ಟನ್ನೂ ಮುಗಿಸದೆ 'ಅವಿಭಾಜ್ಯ' ಎಂದು ಹೇಳಲು ಬರುವುದಿಲ್ಲ.

ಮೊದಲ ಕೆಲವು ಭಾಜಕಗಳಿಗೆ ಭಾಗಾಕಾರವೂ ಬೇಕಿರಲಿಲ್ಲ. ಕೊನೆಯ ಅಂಕಿ 7 ಆದ್ದರಿಂದ 2 ಮತ್ತು 5 ಹೋದವು. ಅಂಕಿಗಳ ಮೊತ್ತ 59. ಅದು 3ರ ಗುಣಕವಲ್ಲ. 7, 11, 13 ಈ ಮೂರನ್ನೂ ಒಂದೇ ಏಟಿಗೆ ನೋಡುವ ಉಪಾಯವಿದೆ: 7 × 11 × 13 = 1001 ಆಗಿರುವುದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಒಡೆದು ಒಂದನ್ನು ಕೂಡಿಸುತ್ತ ಮತ್ತೊಂದನ್ನು ಕಳೆಯುತ್ತ ಹೋದರೆ ಸಾಕು. 297 − 967 + 294 − 4 ಎಂದರೆ −380. 380ನ್ನು 7ರಿಂದ ಭಾಗಿಸಿದರೆ 2, 11ರಿಂದ ಭಾಗಿಸಿದರೆ 6, 13ರಿಂದ ಭಾಗಿಸಿದರೆ 3 ಉಳಿಯುತ್ತದೆ. ಮೂರೂ ಹೋದವು.

ಆದರೆ ಹೀಗೆ ಒಂದೊಂದೇ ಭಾಜಕವನ್ನು ಅಟ್ಟಿಸಿಕೊಂಡು ಹೋಗುವುದು ಯಾವುದೋ ಪರಿಚಯವಿಲ್ಲದ ಸಂಖ್ಯೆಗೆ ಒಪ್ಪುವ ಕ್ರಮ. ನಮ್ಮ ಸಂಖ್ಯೆ ಹೇಗೆ ಹುಟ್ಟಿತೆಂಬುದು ನಮಗೆ ಗೊತ್ತಿದೆ, ಮತ್ತು ಆ ತಿಳಿವಳಿಕೆಯೇ ಕೆಲಸವನ್ನು ನೂರು ಪಾಲು ಹಗುರ ಮಾಡುತ್ತದೆ. 'ಪ' ಎಂಬ ಅವಿಭಾಜ್ಯವು 4294967297ನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ 2ರ 32ನೆಯ ಘಾತವನ್ನು ಪ ದಿಂದ ಭಾಗಿಸಿದರೆ ಉಳಿಯುವ ಶೇಷ ಪ−1 ಆಗಿರಲೇಬೇಕು. ಏಕೆಂದರೆ ಇನ್ನೊಂದನ್ನು ಕೂಡಿಸಿದಾಗ ಭಾಗಾಕಾರ ಪೂರ್ತಿಯಾಗಬೇಕು. ಶೇಷ ಪ−1 ಎಂಬುದನ್ನು ಲೆಕ್ಕದ ಅನುಕೂಲಕ್ಕಾಗಿ −1 ಎಂದೇ ಬರೆಯಬಹುದು. ಅದನ್ನು ವರ್ಗ ಮಾಡಿದರೆ 2ರ 64ನೆಯ ಘಾತದ ಶೇಷ 1 ಆಗುತ್ತದೆ. ಈಗ 2, 4, 8, 16 ಎಂದು 2ರ ಘಾತಗಳನ್ನು ಸಾಲಾಗಿ ಪ ದಿಂದ ಭಾಗಿಸುತ್ತ ಶೇಷಗಳನ್ನು ಬರೆದುಕೊಳ್ಳುತ್ತ ಹೋದರೆ, ಶೇಷ 1 ಬಂದೊಡನೆ ಪಟ್ಟಿ ಮೊದಲಿನಿಂದ ಮರುಕಳಿಸುತ್ತದೆ. 64ನೆಯ ಹೆಜ್ಜೆಯಲ್ಲಿ 1 ಬಂದಿದೆ, 32ನೆಯದರಲ್ಲಿ ಬಂದಿಲ್ಲ. ಆದ್ದರಿಂದ ಆವರ್ತದ ಉದ್ದ 64ನ್ನು ಭಾಗಿಸಬೇಕು, 32ನ್ನು ಭಾಗಿಸಬಾರದು. ಹಾಗಿರುವ ಸಂಖ್ಯೆ 64 ಒಂದೇ. ಇನ್ನೊಂದು ಕಡೆ, ಪ ಅವಿಭಾಜ್ಯವಾದ್ದರಿಂದ 2ರ (ಪ−1)ನೆಯ ಘಾತದ ಶೇಷವೂ 1 ಆಗುತ್ತದೆಂದು ಫರ್ಮಾನ ಕಿರು ಪ್ರಮೇಯ ಹೇಳುತ್ತದೆ. ಅಂದರೆ ಪ−1 ಎಂಬುದು 64ರ ಗುಣಕ.

ಪರಿಣಾಮವನ್ನು ನೋಡಿ. ಭಾಜಕವಾಗಲು ಅರ್ಹವಾದವು 64ರ ಗುಣಕಕ್ಕೆ ಒಂದು ಕೂಡಿಸಿದಾಗ ಬರುವ ಅವಿಭಾಜ್ಯಗಳು ಮಾತ್ರ: 193, 257, 449, 577, 641 ಮುಂತಾದವು. ಐದನೆಯದೇ ನಮಗೆ ಬೇಕಾದದ್ದು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಈ ಭಾಜಕವನ್ನು ಪ್ರಕಟಿಸಿದರು. ಭಾಜಕಗಳು ಈ ರೂಪದಲ್ಲೇ ಇರಬೇಕೆಂಬುದಕ್ಕೆ ಅವರ ಸಾಧನೆ ಆಮೇಲೆ ಬಂದಿತು. 1878ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 64ರ ಜಾಗದಲ್ಲಿ 128 ಎಂದೇ ಇಟ್ಟುಕೊಳ್ಳಬಹುದೆಂದು ತೋರಿಸಿದರು. ಹಾಗಾದರೆ 129, 385, 513 ಸಂಯುಕ್ತಗಳಾದ್ದರಿಂದ ಉಳಿಯುವುದು 257 ಮತ್ತು 641 ಎರಡೇ. ಅಂದರೆ ಎರಡನೆಯ ಪ್ರಯತ್ನಕ್ಕೆ ಭಾಜಕ ಸಿಕ್ಕಿಬೀಳುತ್ತದೆ.

641 ನಿಜವಾಗಿ ಭಾಗಿಸುತ್ತದೆಯೇ ಎಂದು ನೋಡಲು ಹತ್ತು ಅಂಕಿಗಳ ದೊಡ್ಡ ಭಾಗಾಕಾರಕ್ಕೂ ಇಳಿಯಬೇಕಿಲ್ಲ. 2ರ ಎಂಟನೆಯ ಘಾತ 256. ಅದರ ವರ್ಗ 65536. 641ರ 102 ಪಟ್ಟು 65382 ಆದ್ದರಿಂದ ಶೇಷ 154. ಈಗ 154ನ್ನು ವರ್ಗ ಮಾಡಿ: 23716. 641ರ 36 ಪಟ್ಟು 23076, ಶೇಷ 640. ಇದು 2ರ 32ನೆಯ ಘಾತದ ಶೇಷ. ಒಂದು ಕೂಡಿಸಿದರೆ 641, ಅಂದರೆ ಶೇಷ ಸೊನ್ನೆ. ಮೊಮ್ಮಗನಿಗೆ ಈ ನಾಲ್ಕು ಸಾಲನ್ನು ಅವನ ಕೈಯಿಂದಲೇ ಬರೆಸಿ. ಬಸ್ ಟಿಕೆಟಿನ ಹಿಂಭಾಗದಲ್ಲಿ ಹಿಡಿಸುವ ಲೆಕ್ಕವಿದು.

ಉಳಿದ 6700417 ಅವಿಭಾಜ್ಯವೆಂದು ಹೇಗೆ ನಂಬುವುದು ಎಂದು ಅವನು ಮರುಪ್ರಶ್ನೆ ಹಾಕಿದರೆ ಅದೂ ನ್ಯಾಯವೇ. ಅದರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಅದರ ಯಾವುದೇ ಅವಿಭಾಜ್ಯ ಭಾಜಕ ಮೂಲ ಸಂಖ್ಯೆಯ ಭಾಜಕವೂ ಆಗಿರುವುದರಿಂದ ಅದಕ್ಕೂ 128ರ ನಿಯಮವೇ ಅನ್ವಯಿಸುತ್ತದೆ. 2588ರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409 ಎಂಬ ಐದು ಮಾತ್ರ. 6700417ನ್ನು ಇವುಗಳಿಂದ ಭಾಗಿಸಿದಾಗ ಕ್ರಮವಾಗಿ 170, 44, 120, 334, 622 ಶೇಷ ಉಳಿಯುತ್ತವೆ. ಒಂದೂ ಸೊನ್ನೆಯಲ್ಲ. ಎಪ್ಪತ್ತು ಲಕ್ಷದ ಸಮೀಪದ ಒಂದು ಸಂಖ್ಯೆಯನ್ನು ಐದೇ ಭಾಗಾಕಾರಗಳಲ್ಲಿ ಅವಿಭಾಜ್ಯವೆಂದು ಸಾಧಿಸಿದಂತಾಯಿತು. ಈ ಲೇಖಕನ ಮಟ್ಟಿಗೆ 641 ಸಿಕ್ಕಿದ್ದಕ್ಕಿಂತ ಹೆಚ್ಚು ಸೊಗಸಾದ ಭಾಗ ಇದೇ. ಪಠ್ಯಗಳು ಇದನ್ನು ಬಿಟ್ಟು ಮುಂದೆ ಹೋಗುವುದೇ ಹೆಚ್ಚು.

ಪ್ರಶ್ನೆ: ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೆಂದು ಫರ್ಮಾನಂಥ ಗಣಿತಜ್ಞ ನಂಬಿದ್ದನೆಂದು ಓದಿದ್ದೇನೆ. 641ರಷ್ಟು ಚಿಕ್ಕ ಭಾಜಕ ಅವನ ಕಣ್ಣಿಗೆ ಬೀಳದಿರಲು ಕಾರಣವೇನು? ಭಾಜಕವನ್ನು ಕಂಡುಹಿಡಿಯದೆಯೇ ಒಂದು ಸಂಖ್ಯೆ ಅವಿಭಾಜ್ಯವಲ್ಲವೆಂದು ಹೇಳಬಹುದೇ? (ಬಿ.ಎಸ್ಸಿ. ವಿದ್ಯಾರ್ಥಿನಿ, ಜಯನಗರ)

ಉತ್ತರ: ಪಿಯರ್ ದ ಫರ್ಮಾ ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಂಗದ ಹುದ್ದೆಯಲ್ಲಿದ್ದವನು, ಗಣಿತ ಅವನ ಬಿಡುವಿನ ಹವ್ಯಾಸ. 1640ರಲ್ಲಿ ಫ್ರೆನಿಕ್ಲ್ ಎಂಬ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೆಂದು ತನಗೆ ತೋರುತ್ತದೆಂದೂ, ಆದರೆ ಸಾಧನೆ ಕೈಗೆ ಬಂದಿಲ್ಲವೆಂದೂ ತಿಳಿಸಿದ್ದಾನೆ. ಈ ಎರಡನೆಯ ಮಾತನ್ನು ಅವನನ್ನು ಹಂಗಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ. ಸುಮಾರು ತೊಂಬತ್ತು ವರ್ಷ ಯಾರೂ ಇದನ್ನು ಕೆದಕಲಿಲ್ಲ. 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ತಮ್ಮ ಪತ್ರದ ಕೊನೆಗೆ ಸೇರಿಸಿದ ಒಂದು ಟಿಪ್ಪಣಿಯಿಂದ ಈ ವಿಷಯ ಇಪ್ಪತ್ತೆರಡರ ತರುಣ ಆಯ್ಲರ್‌ನ ಗಮನಕ್ಕೆ ಬಂದಿತು.

ಇದರಲ್ಲಿ ಸೋಜಿಗದ ಸಂಗತಿ ಎಂದರೆ, 2ರ 37ನೆಯ ಘಾತದಿಂದ ಒಂದು ಕಳೆದಾಗ ಬರುವ ಸಂಖ್ಯೆಯನ್ನು 223 ಭಾಗಿಸುತ್ತದೆಂದು ಅದೇ 1640ರಲ್ಲಿ ಫರ್ಮಾ ಕಂಡುಹಿಡಿದಿದ್ದ. ಅದಕ್ಕೆ ಬಳಸಿದ್ದು ಮೇಲೆ ಹೇಳಿದ 64ರ ನಿಯಮದಂಥದೇ ಒಂದು ಜರಡಿ. ಆಯುಧ ಕೈಯಲ್ಲೇ ಇತ್ತು. ಲೆಕ್ಕದಲ್ಲಿ ಎಲ್ಲೋ ಕೈ ತಪ್ಪಿರಬಹುದೆಂಬ ಊಹೆಯನ್ನು ಬಿಟ್ಟು ಹೆಚ್ಚಿನದನ್ನು ಹೇಳಲಾಗದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತ ಹೇಳಬಹುದು, ಮತ್ತು ಅದಕ್ಕೆ ಸಾಧನ ಫರ್ಮಾನದೇ ಕಿರು ಪ್ರಮೇಯ. ಪ ಅವಿಭಾಜ್ಯವಾಗಿದ್ದರೆ, ಪ ದ ಗುಣಕವಲ್ಲದ ಯಾವುದೇ ಸಂಖ್ಯೆಯ (ಪ−1)ನೆಯ ಘಾತವನ್ನು ಪ ದಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಒಂದು ಸಂಖ್ಯೆಗಾದರೂ 1 ಬರದಿದ್ದರೆ ಪ ಅವಿಭಾಜ್ಯವಲ್ಲ. ನಮ್ಮ ಸಂಖ್ಯೆಯನ್ನು ಮೊದಲು 2ರಿಂದ ಪರೀಕ್ಷಿಸೋಣ. 2ರ 4294967296ನೆಯ ಘಾತದ ಶೇಷ ಎಷ್ಟು? 2ರ 64ನೆಯ ಘಾತದ ಶೇಷ 1 ಎಂದು ಹಿಂದಿನ ಉತ್ತರದ ದಾರಿಯಲ್ಲೇ ತಿಳಿಯುತ್ತದೆ. 4294967296 ಎಂಬುದು 64ರ ಗುಣಕ. ಆದ್ದರಿಂದ ಶೇಷ 1. ಸಂಖ್ಯೆ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು! ಅವಿಭಾಜ್ಯವಲ್ಲದ ಸಂಖ್ಯೆ ಅವಿಭಾಜ್ಯದ ವೇಷದಲ್ಲಿ ದಾಟಿಹೋಗುವ ಇಂಥವನ್ನು ಹುಸಿ ಅವಿಭಾಜ್ಯಗಳೆನ್ನುತ್ತಾರೆ. ಈ ಸಾಲಿನ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ 2ರ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುತ್ತದೆ. ಆದ್ದರಿಂದ ಇಲ್ಲಿ 2ನ್ನು ನಂಬಿ ಕೂರುವಂತಿಲ್ಲ.

3ನ್ನು ಹಿಡಿಯಿರಿ, ಬಣ್ಣ ಬಯಲಾಗುತ್ತದೆ. 3ರಿಂದ ಹೊರಟು ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಿ, 4294967297ರಿಂದ ಭಾಗಿಸಿ, ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಮೊದಲ ನಾಲ್ಕು ಹೆಜ್ಜೆಗಳಲ್ಲಿ 9, 81, 6561, 43046721 ಬರುತ್ತವೆ. ಐದನೆಯದರಲ್ಲಿ ವರ್ಗ ಹದಿನಾರು ಅಂಕಿಗಳಿಗೆ ಬೆಳೆದು, ಭಾಗಿಸಿದ ಮೇಲೆ 3793201458 ಉಳಿಯುತ್ತದೆ. ಹೀಗೆ ಸಾಗಿ 31ನೆಯ ಹೆಜ್ಜೆಯಲ್ಲಿ 10324303, 32ನೆಯ ಹೆಜ್ಜೆಯಲ್ಲಿ 3029026160 ಬರುತ್ತವೆ. ಬರಬೇಕಾಗಿದ್ದದ್ದು 1. ಬಂದಿರುವುದು 302 ಕೋಟಿಗೂ ಮೀರಿದ ಇನ್ನೇನೋ. ಭಾಜಕದ ಸುಳಿವೇ ಇಲ್ಲದೆ ಸಂಖ್ಯೆ ಸಂಯುಕ್ತವೆಂದು ಸಾಬೀತಾಯಿತು. 1877ರಲ್ಲಿ ಪೆಪಿನ್ ಎಂಬ ಫ್ರೆಂಚ್ ಗಣಿತಜ್ಞ ಇದಕ್ಕೆ ಇನ್ನಷ್ಟು ಬಿಗಿಯಾದ ರೂಪ ಕೊಟ್ಟ: 65537ರಂಥ ನಿಜವಾದ ಅವಿಭಾಜ್ಯವಾದರೆ ಕೊನೆಗೆ ಒಂದು ಹೆಜ್ಜೆ ಮೊದಲು ಶೇಷ −1 ಬರುತ್ತದೆ, ಸಂಯುಕ್ತವಾದರೆ ಎಂದಿಗೂ ಬರುವುದಿಲ್ಲ. 32 ವರ್ಗಗಳು, 32 ಭಾಗಾಕಾರಗಳು. ತಾಳ್ಮೆಯಿದ್ದವರು ಒಂದು ಭಾನುವಾರದಲ್ಲಿ ಕೈಯಿಂದಲೇ ಮುಗಿಸಬಹುದು, ಮತ್ತು 17ನೆಯ ಶತಮಾನದಲ್ಲೂ ಮುಗಿಸಬಹುದಾಗಿತ್ತು.

ಭಾಜಕ ಗೊತ್ತಿಲ್ಲದಿದ್ದರೂ ಸಂಯುಕ್ತವೆಂದು ಗೊತ್ತಿರುವ ಸ್ಥಿತಿ ಇಲ್ಲಿ ಕ್ಷಣಿಕ. ಇದೇ ಸಾಲಿನಲ್ಲಿ ಮುಂದೆ ಅದು ಕಾಯಂ ಆಗಿದೆ. 3ನ್ನು ಸೊನ್ನೆಯನೆಯದೆಂದು ಎಣಿಸುವ ವಾಡಿಕೆಯಂತೆ ನಮ್ಮ ಸಂಖ್ಯೆ ಐದನೆಯದು. 20ನೆಯದು ಸಂಯುಕ್ತವೆಂದು 1987ರಲ್ಲಿಯೂ 24ನೆಯದು ಸಂಯುಕ್ತವೆಂದು 1999ರಲ್ಲಿಯೂ ಪೆಪಿನ್‌ನ ಪರೀಕ್ಷೆಯಿಂದ ತೀರ್ಮಾನವಾಗಿದೆ. ಅವೆರಡರ ಒಂದೇ ಒಂದು ಭಾಜಕವೂ ಈವರೆಗೆ ಯಾರಿಗೂ ಸಿಕ್ಕಿಲ್ಲ.

ಪ್ರಶ್ನೆ: ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರಂಥವರು ಇಂಥ ಸಂಖ್ಯೆಯ ಅಪವರ್ತನಗಳನ್ನು ಮನಸ್ಸಿನಲ್ಲೇ ಹೇಳಬಲ್ಲವರಾಗಿದ್ದರೇ? (ಓದುಗರು, ವಿಜಯನಗರ)

ಉತ್ತರ: ಗುಣಾಕಾರ ಮತ್ತು ಅಪವರ್ತನ ಒಂದೇ ಜಾತಿಯ ಕೆಲಸಗಳಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿಯವರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಅದೇ 26 ಅಂಕಿಗಳ ಉತ್ತರವನ್ನು ಕೊಟ್ಟು ಮೂಲದ ಎರಡು ಸಂಖ್ಯೆಗಳನ್ನು ಹೇಳಿರೆಂದು ಕೇಳಿದ್ದರೆ ಅದು ಬೇರೆಯೇ ಸವಾಲಾಗುತ್ತಿತ್ತು. ಆದರೂ ನಿಮ್ಮ ಪ್ರಶ್ನೆಗೆ ಹೊಂದುವ ಒಂದು ಪ್ರಸಂಗ ದಾಖಲೆಯಲ್ಲಿದೆ. 1804ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜೆರಾ ಕೋಲ್ಬರ್ನ್ ಎಂಬ ಬಾಲಕ ಲೆಕ್ಕದ ಪ್ರದರ್ಶನಕ್ಕೆಂದು 1812ರಲ್ಲಿ ಲಂಡನ್ನಿಗೆ ಬಂದಿದ್ದಾಗ, ಅಲ್ಲಿಯವರು ಇದೇ 4294967297ನ್ನು ಅವನ ಮುಂದಿಟ್ಟರು. ಹುಡುಗ 641 ಎಂದು ಹೇಳಿಬಿಟ್ಟ. ಫರ್ಮಾನಾಗಲಿ ಆಯ್ಲರ್ ಆಗಲಿ ಯಾರೆಂಬುದು ಆ ವಯಸ್ಸಿನವನಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಸಣ್ಣ ಭಾಜಕಗಳನ್ನು ಮಿಂಚಿನ ವೇಗದಲ್ಲಿ ಜರಡಿ ಹಿಡಿಯುವ ಶಕ್ತಿ ಅವನಿಗಿತ್ತು, ಮತ್ತು ಈ ಸಂಖ್ಯೆಯ ಭಾಜಕ ಅದೃಷ್ಟವಶಾತ್ ಮೂರಂಕಿಯದಾಗಿತ್ತು.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ. ನನಗೆ ದಿನವೂ ಎದುರಾಗುವುದು 4294967297 ಅಲ್ಲ, ಅದಕ್ಕಿಂತ ಎರಡು ಕಡಿಮೆಯಿರುವ 4294967295. ಈ ಎರಡರ ಗುಣಗಳಿಗೆ ಏನಾದರೂ ಸಂಬಂಧವಿದೆಯೇ? (ಓದುಗರು, ಯಲಹಂಕ)

ಉತ್ತರ: ಬಹಳ ಹತ್ತಿರದ ಸಂಬಂಧವಿದೆ. 32 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4294967295. ಎಲ್ಲ ಬಿಟ್‌ಗಳೂ 1 ಆಗಿರುವ ಸ್ಥಿತಿ. ಸೊನ್ನೆಯನ್ನೂ ಸೇರಿಸಿದರೆ ಒಟ್ಟು 4294967296 ಸಂಖ್ಯೆಗಳಾಗುತ್ತವೆ. ಇಂಟರ್ನೆಟ್ಟಿನ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸಗಳೂ ಅಷ್ಟೇ ಇವೆ. ಅವುಗಳ ಕೇಂದ್ರ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಹಂಚಿಕೆಯಾಗಿ ಮುಗಿದವು. ಇದು ನಿಮಗೆ ಗೊತ್ತಿರುವ ವಿಷಯ. ಅಪವರ್ತನದ ಕಡೆ ಬರೋಣ.

ಎರಡು ವರ್ಗಗಳ ವ್ಯತ್ಯಾಸದ ಸೂತ್ರವನ್ನು ಶಾಲೆಯಲ್ಲಿ ಕಲಿತಿದ್ದೀರಿ. 4294967295 ಎಂದರೆ 65536ರ ವರ್ಗದಿಂದ 1ರ ವರ್ಗ ಕಳೆದದ್ದು. ಆದ್ದರಿಂದ ಅದು 65537 × 65535. ಅದೇ ಸೂತ್ರದಿಂದ 65535 ಎಂದರೆ 257 × 255. 255 ಎಂದರೆ 17 × 15. 15 ಎಂದರೆ 5 × 3. ಒಟ್ಟಿಗೆ ಬರೆದರೆ 4294967295 = 3 × 5 × 17 × 257 × 65537. ಸಾಲಿನ ಐದು ಅವಿಭಾಜ್ಯಗಳೂ ಒಂದೊಂದೇ ಸಲ ಬಂದು ಕೂತಿವೆ. ಅವುಗಳ ಗುಣಲಬ್ಧಕ್ಕೆ 2 ಕೂಡಿಸಿದರೆ ಸಾಲಿನ ಮುಂದಿನ ಸಂಖ್ಯೆ. ಇದು ಈ ಒಂದು ಹೆಜ್ಜೆಗೆ ಮಾತ್ರವಲ್ಲ, ಸಾಲಿನ ಉದ್ದಕ್ಕೂ ನಡೆಯುತ್ತದೆ: 3 × 5ಕ್ಕೆ 2 ಕೂಡಿಸಿದರೆ 17, 3 × 5 × 17ಕ್ಕೆ 2 ಕೂಡಿಸಿದರೆ 257. ಹೀಗಾಗಿ 4294967297ನ್ನು ಹಿಂದಿನ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2 ಬರುತ್ತದೆ. ಮೊದಲ ಉತ್ತರದಲ್ಲಿ 257 ಏಕೆ ಭಾಜಕವಾಗಲಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ. ಸಾಲಿನ ಯಾವ ಎರಡು ಸಂಖ್ಯೆಗಳಿಗೂ ಸಮಾನ ಭಾಜಕ ಇರಲಾರದು. ಇದ್ದರೆ ಅದು 2ನ್ನೂ ಭಾಗಿಸಬೇಕಾಗುತ್ತದೆ, ಆದರೆ ಇವೆಲ್ಲ ಬೆಸ ಸಂಖ್ಯೆಗಳು. ಸಾಲಿಗೆ ಕೊನೆಯಿಲ್ಲ, ಪ್ರತಿಯೊಂದೂ ತನ್ನದೇ ಹೊಸ ಅವಿಭಾಜ್ಯವನ್ನು ತರುತ್ತದೆ; ಆದ್ದರಿಂದ ಅವಿಭಾಜ್ಯಗಳಿಗೂ ಕೊನೆಯಿಲ್ಲ. ಯೂಕ್ಲಿಡ್‌ನ ಪ್ರಸಿದ್ಧ ಸಾಧನೆಗೆ ಗೋಲ್ಡ್‌ಬಾಖ್ ಒದಗಿಸಿದ ಈ ಪರ್ಯಾಯ ಎರಡು ಸಾಲಿನಲ್ಲಿ ಮುಗಿಯುತ್ತದೆ.

4294967295ಕ್ಕೆ ರೇಖಾಗಣಿತದಲ್ಲಿ ಒಂದು ಗೌರವದ ಸ್ಥಾನವೂ ಇದೆ. ಅಂಕಿ ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಇವೆರಡನ್ನೇ ಬಳಸಿ ಯಾವ ಯಾವ ಕ್ರಮ ಬಹುಭುಜಾಕೃತಿಗಳನ್ನು ಎಳೆಯಬಹುದು ಎಂಬ ಪ್ರಶ್ನೆ ಗ್ರೀಕರ ಕಾಲದಿಂದ ಇತ್ತು. ತ್ರಿಭುಜ, ಪಂಚಭುಜ ಅವರಿಗೆ ಗೊತ್ತಿದ್ದವು. 1796ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಕಾರ್ಲ್ ಫ್ರೆಡ್ರಿಕ್ ಗೌಸ್ 17 ಬಾಹುಗಳ ಆಕೃತಿ ಸಾಧ್ಯವೆಂದು ತೋರಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾನ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು ಎಂಬುದು ನಿಯಮ. ಬೇರೆ ಯಾವುದೂ ಆಗದೆಂಬ ಭಾಗವನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಗೊತ್ತಿರುವ ಐದು ಅವಿಭಾಜ್ಯಗಳಿಂದ ಒಂದು, ಎರಡು, ಮೂರು ಎಂದು ಆರಿಸಿ ಗುಣಿಸಿದರೆ 31 ಸಂಖ್ಯೆಗಳು ದೊರೆಯುತ್ತವೆ. ಐದನ್ನೂ ಗುಣಿಸಿದಾಗ ಬರುವ ಅತಿ ದೊಡ್ಡದೇ ನಿಮ್ಮ 4294967295. ತಾತ್ವಿಕವಾಗಿ ಎಳೆಯಬಹುದೆಂದರೆ ಎಳೆದು ನೋಡಬಹುದೆಂದಲ್ಲ. ನಮ್ಮ ಹೊರವರ್ತುಲ ರಸ್ತೆಯನ್ನು ಸುಮಾರು 60 ಕಿಲೋಮೀಟರ್ ಸುತ್ತಳತೆಯ ಸರಿಯಾದ ವೃತ್ತವೆಂದು ಭಾವಿಸಿ (ನಕ್ಷೆ ನೋಡಿದವರು ನಗಬೇಡಿ), ಅದರೊಳಗೆ ಈ ಬಹುಭುಜವನ್ನು ಕೂರಿಸಿದರೆ ಒಂದೊಂದು ಬಾಹುವಿನ ಉದ್ದ ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲಿನಷ್ಟೂ ಆಗುವುದಿಲ್ಲ. 65537 ಬಾಹುಗಳ ಆಕೃತಿಯ ರಚನಾಕ್ರಮವನ್ನು ಬರೆಯುವುದಕ್ಕೇ ಹರ್ಮೆಸ್ ಎಂಬ ಜರ್ಮನ್ ಶಿಕ್ಷಕ ಹತ್ತು ವರ್ಷ ಕಳೆದ. ಆ ಹಸ್ತಪ್ರತಿ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ.

ಛಂದಸ್ಸಿನ ಪರಿಚಯವಿರುವ ಓದುಗರಿಗೆ ಇನ್ನೊಂದು ಸಂಗತಿ ಹಿಡಿಸೀತು. ಲಘು, ಗುರುಗಳ ವಿನ್ಯಾಸಗಳನ್ನು ಎಣಿಸಲು ಹಲಾಯುಧನು ಪಿಂಗಲನ ಸೂತ್ರಗಳ ವ್ಯಾಖ್ಯಾನದಲ್ಲಿ ವಿವರಿಸಿರುವ ಮೇರು ಪ್ರಸ್ತಾರವನ್ನು ಬರೆದುಕೊಳ್ಳಿ: ಅಂಚುಗಳಲ್ಲಿ 1, ಒಳಗಿನ ಪ್ರತಿ ಮನೆಯಲ್ಲಿ ಮೇಲಿನ ಎರಡು ಮನೆಗಳ ಮೊತ್ತ. ಈಗ ಬೆಸ ಸಂಖ್ಯೆಯಿರುವ ಕಡೆ 1, ಸಮ ಸಂಖ್ಯೆಯಿರುವ ಕಡೆ 0 ಎಂದು ಬದಲಿಸಿ ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. 1, 11, 101, 1111, 10001, 110011 ಎಂಬ ಸಾಲುಗಳು ಕ್ರಮವಾಗಿ 1, 3, 5, 15, 17, 51 ಆಗುತ್ತವೆ. ಮೊದಲ 32 ಸಾಲುಗಳಲ್ಲಿ, ತುದಿಯ 1ನ್ನು ಬಿಟ್ಟರೆ, ಉಳಿಯುವ 31 ಸಂಖ್ಯೆಗಳೇ ಮೇಲೆ ಹೇಳಿದ 31 ಬಹುಭುಜಗಳು. 32ನೆಯ ಸಾಲಿನಲ್ಲಿ ಎಲ್ಲವೂ 1 ಆಗಿ 4294967295 ಬರುತ್ತದೆ. 33ನೆಯ ಸಾಲು ಎರಡು ತುದಿಗಳಲ್ಲಿ ಮಾತ್ರ 1 ಉಳ್ಳದ್ದು, ಅದು 4294967297. ಅಲ್ಲಿಗೆ ಬಹುಭುಜಗಳ ಸರಣಿ ಮುರಿಯುತ್ತದೆ.

ನಿಮ್ಮ ಕ್ಷೇತ್ರಕ್ಕೆ ಸೇರಿದ ಒಂದು ಮಾತು. ಸುರಕ್ಷಿತ ಜಾಲತಾಣಗಳಲ್ಲಿ ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿಯ ಬಹಿರಂಗ ಘಾತವಾಗಿ ಬಹುಪಾಲು ಕಡೆ ಇರುವುದು 65537. ಅದು ಅವಿಭಾಜ್ಯವೆಂಬುದು ಒಂದು ಅನುಕೂಲ; ದ್ವಿಮಾನದಲ್ಲಿ ಅದರ ಎರಡೇ ಅಂಕಿಗಳು 1 ಆಗಿರುವುದರಿಂದ, 16 ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಘಾತಕ್ಕೇರಿಸುವ ಕೆಲಸ ಮುಗಿಯುತ್ತದೆಂಬುದು ಇನ್ನೊಂದು.

ಪ್ರಶ್ನೆ: ಹಾಗಾದರೆ 65537ರ ಆಚೆಗೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇದೆಯೇ, ಇಲ್ಲವೇ? (ಓದುಗರು, ಮಲ್ಲೇಶ್ವರ)

ಉತ್ತರ: ಈವರೆಗೆ ಒಂದೂ ಸಿಕ್ಕಿಲ್ಲ, ಇಲ್ಲವೆಂಬ ಸಾಧನೆಯೂ ಇಲ್ಲ. ಆರನೆಯ ಸಂಖ್ಯೆ 18446744073709551617. ಅದರ ಅಪವರ್ತನಗಳಾದ 274177 ಮತ್ತು 67280421310721ನ್ನು 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞ ಪ್ರಕಟಿಸಿದಾಗ ಅವನಿಗೆ 82 ವರ್ಷ. ಏಳನೆಯದು 39 ಅಂಕಿಗಳದು. ಅದನ್ನು 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕಂಪ್ಯೂಟರಿನಿಂದ ಒಡೆದರು. ಪೂರ್ಣ ಅಪವರ್ತನ ಗೊತ್ತಿರುವುದು ಹನ್ನೊಂದನೆಯದರವರೆಗೆ ಮಾತ್ರ. ಆದರೆ ಐದರಿಂದ 32ನೆಯದರವರೆಗೆ ಎಲ್ಲವೂ ಸಂಯುಕ್ತಗಳೆಂಬುದು ಖಚಿತವಾಗಿದೆ. ಗಣಿತಜ್ಞರಲ್ಲಿ ಹೆಚ್ಚಿನವರು ಫರ್ಮಾ ಊಹಿಸಿದ್ದರ ತದ್ವಿರುದ್ಧವನ್ನು, ಅಂದರೆ ಇನ್ನು ಮುಂದೆ ಅವಿಭಾಜ್ಯಗಳೇ ಇಲ್ಲವೆಂಬುದನ್ನು, ನಂಬುತ್ತಾರೆ. ಸಂಖ್ಯೆಗಳು ಇಷ್ಟು ವೇಗವಾಗಿ ಬೆಳೆದಾಗ ಅವಿಭಾಜ್ಯವಾಗುವ ಸಂಭವ ಅಷ್ಟೇ ವೇಗವಾಗಿ ಕುಸಿಯುತ್ತದೆಂಬುದು ಅದಕ್ಕೆ ಆಧಾರ. ಅದು ಸಾಧನೆಯಲ್ಲ, ಅಂದಾಜು. ಇನ್ನೂ ತೀರ್ಮಾನವಾಗದವುಗಳಲ್ಲಿ ಅತಿ ಚಿಕ್ಕದು 33ನೆಯದು. ಅದನ್ನು ಬರೆಯಲು 2585827973 ಅಂಕಿಗಳು ಬೇಕು, ಮತ್ತು ಪೆಪಿನ್‌ನ ಪರೀಕ್ಷೆಯಲ್ಲಿ ಅಷ್ಟು ಉದ್ದದ ಸಂಖ್ಯೆಯನ್ನು 858 ಕೋಟಿಗೂ ಹೆಚ್ಚು ಸಲ ವರ್ಗ ಮಾಡಬೇಕಾಗುತ್ತದೆ. ಆ ಕೆಲಸ ಈಗಿನ ಯಂತ್ರಗಳ ಅಳವಿಗೆ ಮೀರಿದ್ದರಿಂದ, 33ನೆಯದಕ್ಕೆ ಒಂದು ಭಾಜಕವಾದರೂ ಸಿಕ್ಕೀತೆಂಬ ಆಸೆಯಲ್ಲಿ ಹುಡುಕಾಟ ನಡೆದಿದೆ.